ಸೀಟು ಸಿಗದ ಅಕ್ಕನಿಗೆ ಒಂದು ಫಾರಂ

ಕೊಪ್ಪ, ಭಾನುವಾರ

ಭವ್ಯಕ್ಕ,

ನೆಮ್ಮಾರ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಫಾರಂ ಕಳಿಸುತ್ತಿದ್ದೇನೆ. ಹಾಸ್ಟೆಲ್ ಯೋಜನೆಯಿಂದ ಹುಡುಗಿಯರಿಗೆ ಎಷ್ಟು ಉಪಯೋಗವಾಯಿತು ಎಂದು ನಮ್ಮ ಡೇಟಾ ಸೈನ್ಸ್ ಕ್ಲಾಸಿನಲ್ಲಿ ಪ್ರಾಜೆಕ್ಟ್ ಮಾಡುತ್ತಿದ್ದೇವೆ. ಸೀಟು ಸಿಕ್ಕವರನ್ನು ಸಿಗದವರ ಜೊತೆ ಕಂಪೇರ್ ಮಾಡಬೇಕು. ಐದನೇ ಕ್ಲಾಸ್ ಮುಗಿದಾಗ ಉಳಿದಿದ್ದ ಒಂದೇ ಸೀಟಿಗೆ ನಮ್ಮಿಬ್ಬರ ಹೆಸರು ಬರೆದು ಚೀಟಿ ಎತ್ತಿದ್ದರಲ್ಲ, ಅದನ್ನು ಹೇಳಿದ್ದಕ್ಕೆ ಸರ್‌ಗೆ ಭಾರಿ ಖುಷಿ. "ನಿನ್ನ ಅವಳಿ ಅಕ್ಕನಿಗಿಂತ ಒಳ್ಳೆ ಡೇಟಾ ಎಲ್ಲಿ ಸಿಗುತ್ತೆ ಮಾರಾಯ್ತಿ" ಅಂದರು.

ಇಲ್ಲಿಯವರೆಗಿನ ಗ್ರಾಫಿನಲ್ಲಿ ಹಾಸ್ಟೆಲಿನವರೇ ಮೇಲೆ. ಮಾರ್ಕ್ಸ್ ಬಿಡು, ತೂಕದಲ್ಲೂ ನಾವೇ ಮುಂದೆ. ಆದರೂ ನಿನ್ನನ್ನು ನೆನೆದರೆ ನನಗೇ ಹೊಟ್ಟೆಕಿಚ್ಚು. ಹೋದ ತಿಂಗಳು ನಾನು ಬಂದಾಗ ಅಮ್ಮ ನಿನಗೆ, "ಬಿದ್ಕೊಂಡೇ ಇರ್ತೀಯೇನೆ, ಎದ್ದು ಪಾತ್ರೆ ತೊಳಿ" ಎಂದು ಬೈದಳು. ನನ್ನ ಹತ್ತಿರ ಬಂದು, "ಕಾಫಿಗೆ ಸಕ್ಕರೆ ಎಷ್ಟು ಹಾಕ್ಲಿ?" ಎಂದು ಕೇಳಿದಳು. ನಿನಗೆಷ್ಟು ಬೇಕೆಂದು ಅವಳ ಕೈಗೇ ಗೊತ್ತು.

ಪೆನ್ಸಿಲಿನಲ್ಲಿ ಬರೆಯಬೇಡ, ಸಹಿ ಮರೆಯಬೇಡ. ಕೊನೆಯ ಪ್ರಶ್ನೆ, ಆ ಸೀಟು ನಿಮಗೆ ಸಿಗಬೇಕಿತ್ತು ಅನ್ನಿಸುತ್ತದೆಯೇ ಎಂದು. ನಿಜವನ್ನೇ ಬರಿ. ಹೌದು ಅಂದರೆ ನಿನ್ನ ಮುಖ ನೋಡುವುದು ನನಗೆ ಕಷ್ಟ, ಇಲ್ಲ ಅಂದರೆ ಇನ್ನೂ ಕಷ್ಟ. ಅದಕ್ಕೇ ಕವರಿಗೆ ಗೋಂದು ಹಚ್ಚಿ, ಮೇಲೆ ಸರ್ ಹೆಸರು ಬರೆದು ಕಳಿಸು. ಸುಮ್ಮನೆ ಮಡಚಿ ಕಳಿಸಿದರೆ ನಾನು ಓದದೆ ಇರಲಾರೆ.

ನಿನ್ನ ತಂಗಿ,
ಸಹನಾ