ಬಟ್ಟೆ ಇಟ್ಟು ಹೊಲಿದು ನೋಡಿದಾಗ

ಅಂಗಡಿಯಿಂದ (ಗಾಬರಿಯಾಗಬೇಡಿ, ಪೂರ್ತಿ ಓದಿ)
ಗುರುವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಯಜಮಾನರಿಗೆ ನಿಮ್ಮವಳ ನಮಸ್ಕಾರ.

ಮಂಡಿ ಹೇಗಿದೆ? ಆಪರೇಷನ್ ಆದ ಕಾಲನ್ನು ಮೇಲಿಟ್ಟುಕೊಂಡು ಸುಮ್ಮನಿರಿ ಎಂದು ಡಾಕ್ಟರು ಹೇಳಿದರೆ, ನೀವು ಮಗನ ಮನೆಯ ಮೇಜಿನ ಫ್ಯಾನು ಬಿಚ್ಚಿ ಹರಡಿಕೊಂಡಿದ್ದೀರಂತೆ. ಸೊಸೆ ಫೋನಿನಲ್ಲಿ ಹೇಳಿದಳು. "ಅತ್ತೆ, ಜೋಡಿಸಿದ ಮೇಲೂ ಎರಡು ಸ್ಕ್ರೂ ಉಳಿದಿವೆ" ಅಂದಳು. ಉಳಿಯಲೇಬೇಕಲ್ಲ! "ಕಂಪನಿಯವರು ಯಾವಾಗಲೂ ಎರಡು ಜಾಸ್ತಿನೇ ಹಾಕಿರ್ತಾರೆ" ಎನ್ನುವವರು ನೀವು. ಆ ಫ್ಯಾನು ಹಾಕಿಕೊಂಡು ಮಾತ್ರ ಮಲಗಬೇಡಿ.

ಇನ್ನು ಇಲ್ಲಿಯ ವಿಷಯ. ಹೊರಡುವಾಗ ನೀವು, "ರಿಪೇರಿಯಾದ ಹೊಲಿಗೆ ಮೆಷಿನ್ ಮೂರಿವೆ, ಬಂದವರಿಗೆ ಕೊಟ್ಟು ಬೀಗ ಹಾಕು, ಬೇರೆ ಏನನ್ನೂ ಮುಟ್ಟಬೇಡ" ಎಂದಿದ್ದಿರಿ. ಹಾಗೆಯೇ ಮಾಡಿದೆ. ಮೂರನ್ನೂ ಕೊಟ್ಟೆ, ಮೂರೂ ಮರುದಿನವೇ ಮುನಿಸಿಕೊಂಡು ತವರಿಗೆ ಬಂದ ಮಗಳಂತೆ ವಾಪಸು ಬಂದವು. ಸ್ಕೂಲಿನ ಅಂಗಿ ಹೊಲಿಯುವ ಟೈಲರಮ್ಮ ಬಾಗಿಲಲ್ಲೇ ನಿಂತು, "ನಿಮ್ಮ ಯಜಮಾನ್ರು ಮೆಷಿನ್ ಓಡೋ ಹಾಗೆ ಮಾಡ್ತಾರೆ, ಹೊಲಿಯೋ ಹಾಗಲ್ಲ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಸೋಮವಾರದೊಳಗೆ ನಲವತ್ತು ಅಂಗಿ ಕೊಡಬೇಕಿತ್ತಂತೆ, ಪಾಪ. ಆದರೂ ನನಗೆ ಸಿಟ್ಟು ಬಂತು. ನನ್ನ ಗಂಡನನ್ನು ಬೈಯುವ ಹಕ್ಕು ನನ್ನೊಬ್ಬಳದು. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಮೆಷಿನ್ನಿಗೆ ದಾರ ಹಾಕಿ, ಕೈಗೆ ಸಿಕ್ಕ ಒರೆಸುವ ಬಟ್ಟೆಯನ್ನೇ ಸೂಜಿಯ ಕೆಳಗಿಟ್ಟು ಹೊಲಿದೆ. ಮೇಲುಗಡೆ ಹೊಲಿಗೆ ಚೆಂದವೇ ಇತ್ತು. ತಿರುಗಿಸಿ ನೋಡಿದರೆ ಅಡಿಯಲ್ಲಿ ದಾರದ ಗೂಡು!

ಆಗ ಹೊಳೆಯಿತು. ನಲವತ್ತು ವರ್ಷ ನಿಮಗೆ ಅಂಗಡಿಗೆ ಊಟದ ಡಬ್ಬಿ ತಂದಿದ್ದೇನೆ. ಒಂದು ದಿನವೂ ನೀವು ಬಟ್ಟೆ ಇಟ್ಟು ಹೊಲಿದದ್ದು ನೋಡಿಲ್ಲ. ಎಣ್ಣೆ ಬಿಡುತ್ತೀರಿ, ಚಕ್ರ ತಿರುಗಿಸುತ್ತೀರಿ, ಕಿವಿಗೊಟ್ಟು ಕೇಳಿ "ಆಯ್ತು" ಎನ್ನುತ್ತೀರಿ. ರುಚಿ ನೋಡದೆ ಬಡಿಸಿದ ಹಾಗೆ. ನಾನಾದರೋ ಮನೆಯ ಪರದೆ, ದಿಂಬಿನ ಚೀಲ, ಮಗನ ಚಡ್ಡಿ ಎಲ್ಲ ಹೊಲಿದು, ನಮ್ಮ ಮೆಷಿನ್ ಹಠ ಹಿಡಿದಾಗಲೆಲ್ಲ ನಿಮಗೆ ಹೇಳದೆ ಸರಿಮಾಡಿಕೊಂಡವಳು. (ಹೇಳಿದ್ದರೆ ನೀವು ರಿಪೇರಿ ಮಾಡಿಬಿಡುತ್ತಿದ್ದಿರಲ್ಲ!) ಮೇಲಿನ ದಾರವನ್ನು ಬಿಗಿಹಿಡಿಯುವ ಪುಟ್ಟ ಸ್ಕ್ರೂವನ್ನು ಕಾಲು ಸುತ್ತು ಬಿಗಿ ಮಾಡಿದೆ, ಅದರ ಸಂದಿಯ ಧೂಳು ತೆಗೆದೆ. ಹೊಲಿಗೆ ಎರಡೂ ಕಡೆ ಒಂದೇ ಸಮ ಬಂತು. ಟೈಲರಮ್ಮ ಬಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇಷ್ಟು ದಿನ ಎಲ್ಲಿದ್ರಿ ನೀವು?" ಅಂದಳು. "ಅಡುಗೆಮನೇಲಿ" ಅಂದೆ.

ಮನೆಗೆ ಬಂದು ಒಬ್ಬಳೇ ಕೂತು ಅತ್ತೆ ಕಣ್ರೀ. ಸಂತೋಷಕ್ಕೇ ಅತ್ತದ್ದು, ಸ್ವಲ್ಪ ಸಿಟ್ಟಿಗೂ. ಅರವತ್ತಾರು ವರ್ಷ ಈ ಕೈಗೆ ಇಂಥದ್ದೊಂದು ವಿದ್ಯೆ ಇದೆಯೆಂದು ನಿಮಗಿರಲಿ, ನನಗೇ ಗೊತ್ತಿರಲಿಲ್ಲವಲ್ಲ! ಈಗ ಬೆಳಿಗ್ಗೆ ಎಂಟಕ್ಕೇ ಬಾಗಿಲು ತೆಗೆಯುತ್ತೇನೆ. ಉಳಿದೆರಡನ್ನೂ ಸರಿಮಾಡಿ ಕೊಟ್ಟಾಯಿತು, ಸುದ್ದಿ ಕೇಳಿ ಬಂದ ಒಂಬತ್ತು ಮೆಷಿನ್ ಸರದಿಯಲ್ಲಿವೆ. ಬೆನ್ನು ನೋವು, ತಲೆನೋವು ಎಂದು ಮಲಗುತ್ತಿದ್ದವಳಿಗೆ ನೋಯಲೂ ಪುರುಸೊತ್ತಿಲ್ಲ. ಬಂದವರೆಲ್ಲ ನಿಮ್ಮನ್ನು ಕೇಳುತ್ತಾರೆ. ಹೊಟ್ಟೆ ಹುಣ್ಣಾಗುವಂತೆ ನಗಿಸುವವರಿಲ್ಲದೆ ಅಂಗಡಿ ಬಿಕೋ ಎನ್ನುತ್ತಿದೆಯಂತೆ. ನನಗೂ ಹಾಗೇ ಅನ್ನಿಸುತ್ತದೆ, ಬರೆದಳೆಂದು ಬೀಗಬೇಡಿ.

ಮಗ ಸೊಸೆಗೆ ನನ್ನ ಆಶೀರ್ವಾದ, ಮೊಮ್ಮಗಳ ಕೆನ್ನೆಗೊಂದು ಮುತ್ತು. ಮಾತ್ರೆ ಮರೆಯಬೇಡಿ.

ಇಂತಿ,
ಮುಟ್ಟಬೇಡ ಎಂದದ್ದನ್ನೆಲ್ಲ ಮುಟ್ಟಿದ
ನಿಮ್ಮ ಹೆಂಡತಿ

ಮರೆತಿದ್ದೆ (ಮರೆತಿರಲಿಲ್ಲ, ಧೈರ್ಯ ಸಾಲದಾಗಿತ್ತು): ನೀವು ಬಂದ ಮೇಲೂ ರಿಪೇರಿ ಮೇಜು ನನಗೇ ಇರಲಿ. ನೀವು ಮುಂದೆ ಕೂತು ಬಂದವರನ್ನು ಮಾತಾಡಿಸಿ; ಆ ವಿದ್ಯೆಯಲ್ಲಿ ನಿಮ್ಮನ್ನು ಮೀರಿಸುವವರಿಲ್ಲ, ಇಷ್ಟು ವರ್ಷ ಸುಮ್ಮನೆ ಒಳಗೆ ಕೂತು ಅದನ್ನು ಹಾಳುಮಾಡಿಕೊಂಡಿರಿ. ಆಗದು ಎನ್ನುವುದಾದರೆ ಬೇಗ ಬರೆಯಿರಿ. ಎದುರಿನ ಖಾಲಿ ಅಂಗಡಿಯನ್ನು ನನಗೆ ಬಾಡಿಗೆಗೆ ಕೊಡುತ್ತೇವೆ ಎಂದವರು ತಿಂಗಳ ಕೊನೆಯೊಳಗೆ ನನ್ನ ಉತ್ತರ ಕೇಳಿದ್ದಾರೆ. ಟೈಲರಮ್ಮ ಆಗಲೇ ಹೋಗಿ ಅದರ ಕಸ ಗುಡಿಸಿ ಬಂದಿದ್ದಾಳೆ.