ಬೀಗರನ್ನು ಎಣಿಸದ ಊರು

ಹೂಳುಸೀಮೆ, ಪಂಕ್ತಿಮನೆ
ಮಾಘದ ನಲವತ್ತೊಂದನೆಯ ದಿನ

ಪೂಜ್ಯ ನೀಲವ್ವಜ್ಜಿಯವರಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳ ಮಗಳು ಪಂಪಾವತಿ ಮಾಡುವ ನಮಸ್ಕಾರಗಳು.

ತಿಂಗಳಿಗೆ ನಲವತ್ತೊಂದು ದಿನ ಎಲ್ಲಿಂದ ಬಂತು ಎಂದು ನೀವು ನಕ್ಕರೆ ತಪ್ಪಿಲ್ಲ. ಪಟ್ಟೆತಲೆಯ ಹೆಬ್ಬಾತುಗಳು ಎದ್ದು ಉತ್ತರಕ್ಕೆ ಹೊರಡುವವರೆಗೆ ನಾವು ಮಾಘವನ್ನು ಮುಗಿಸುವುದಿಲ್ಲ. ಅವು ತಡಮಾಡಿದರೆ ಪಂಚಾಂಗದವರು ಸುಮ್ಮನೆ ಕಾಯುತ್ತಾರೆ. ನನ್ನ ಮಾತಿನಲ್ಲಿ ಇಂಥ ವಿಚಿತ್ರಗಳು ಇನ್ನೂ ಬಂದಾವು, ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮ ಕಡೆ ಅಜ್ಜಿಯನ್ನು ಏಕವಚನದಲ್ಲೇ ಕರೆಯುವುದು ವಾಡಿಕೆ. ಆದರೆ ನೀವು ನನಗೆ ಬಹಳ ದೂರದವರು, ಮೇಲಾಗಿ ಪಂಕ್ತಿಮನೆಯ ಗೋಡೆಯಲ್ಲಿ ಸೌಟು ಹಿಡಿದು ಚಿತ್ರವಾಗಿ ನಿಂತಿದ್ದೀರಿ. ದಿನಾ ಊದಿನಕಡ್ಡಿ ಹಚ್ಚಿಸಿಕೊಳ್ಳುವವರಿಗೆ 'ನೀ' ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಈ ಕಾಗದ ಕಾಲದಲ್ಲಿ ಹಿಂದಕ್ಕೆ ಸಾಗಿ ನಿಮ್ಮನ್ನು ಹೇಗೆ ಮುಟ್ಟುತ್ತದೋ ನನಗೂ ತಿಳಿಯದು. ಬರೆಯದೆ ಇರಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನೀವು ನೋಡಿದ ಹಿನ್ನೀರು ಈಗ ಹಿನ್ನೀರಾಗಿ ಉಳಿದಿಲ್ಲ. ಅಣೆಕಟ್ಟಿನ ಹೊಟ್ಟೆಯೆಲ್ಲ ಹೂಳು ತುಂಬಿ, ಮೇಲೆ ಮೊಳಕಾಲುದ್ದ ನೀರು ನಿಂತು, ಕಣ್ಣು ಹಾಯುವಷ್ಟು ದೂರ ಜೊಂಡು ಬೆಳೆದಿದೆ. ಇದನ್ನೇ ಹೂಳುಸೀಮೆ ಎನ್ನುತ್ತೇವೆ. ನಮ್ಮ ಮನೆಗಳು ಕಂಬದ ಮೇಲೆ ನಿಂತಿವೆ. ಬೆಳಿಗ್ಗೆ ಎದ್ದರೆ ಮೊದಲ ಕೆಲಸ ಕಂಬಕ್ಕೆ ಹತ್ತಿದ ಪಾಚಿ ಕೆರೆಯುವುದು, ಇಲ್ಲವಾದರೆ ಹೊಸ್ತಿಲಲ್ಲೇ ಜಾರಿ ನೀರಿಗೆ ಬಿದ್ದು ನೆರೆಯವರಿಗೆ ನಗೆಗೀಡಾಗಬೇಕು. ನವಣೆ, ಸಜ್ಜೆ ದಂಡೆಯಲ್ಲಿ ಬೆಳೆಯುತ್ತವೆ. ಮಧ್ಯಾಹ್ನ ಎಲ್ಲರೂ ಪಂಕ್ತಿಮನೆಗೆ ಹೋಗಿ ಸಾಲಾಗಿ ಕೂತು ಉಣ್ಣುತ್ತೇವೆ. ಅದು ನೀವು ತೆರೆದ ಗಂಜಿಮನೆಯೇ, ಈಗ ಅದಕ್ಕೆ ಏಳು ಒಲೆ. ರೊಟ್ಟಿ ಬಿಸಿಲೊಲೆಯಲ್ಲಿ ಬೇಯುತ್ತದೆ, ಆದ್ದರಿಂದ ಮೋಡ ಕವಿದ ದಿನ ಊರಿಗೆಲ್ಲ ಅಂಬಲಿ. ಬೈದುಕೊಂಡು ಕುಡಿಯುತ್ತೇವೆ.

ನಾನು ಜೀವರಾಶಿ ಮನೆಯಲ್ಲಿ ಎಣಿಕೆಯವಳು. ನಿಮ್ಮ ಕಾಲದಲ್ಲಿ ಹಕ್ಕಿ ನೋಡುವವರು ಒಂದು ಕಡೆ, ರೋಗ ನೋಡುವವರು ಇನ್ನೊಂದು ಕಡೆ, ಬಡವರ ಪಾಡು ನೋಡುವವರು ಮತ್ತೊಂದು ಕಡೆ ಕೂತು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲವಂತೆ. ಈಗ ಎಲ್ಲರೂ ಒಂದೇ ಜಗುಲಿಯ ಮೇಲೆ. ಹೆಬ್ಬಾತು ಎಷ್ಟು, ಸೊಳ್ಳೆ ಎಷ್ಟು, ಎಮ್ಮೆ ಎಷ್ಟು, ಮನುಷ್ಯರು ಎಷ್ಟು, ಯಾರು ಯಾರ ಹತ್ತಿರ ಮಲಗುತ್ತಾರೆ ಎಂಬುದನ್ನೆಲ್ಲ ಒಟ್ಟಿಗೆ ಲೆಕ್ಕ ಹಿಡಿಯುತ್ತೇವೆ. ಹಕ್ಕಿಯಿಂದ ಮನುಷ್ಯರಿಗೆ ದಾಟುವ ರೆಕ್ಕೆಜ್ವರ ನಮ್ಮ ದೊಡ್ಡ ಭಯ. ಅದನ್ನು ಮೊದಲೇ ಹಿಡಿಯಲು ಉಸಿರುಕಡ್ಡಿ ಎಂಬುದೊಂದಿದೆ. ಬಿಳಿ ಲೇಪ ಬಳಿದ ಜೊಂಡಿನ ಕಡ್ಡಿ ಅದು. ಒಲೆಯ ಮೇಲೆ ತೂಗುಹಾಕಿದರೆ ಆ ಮನೆಯವರ ಉಸಿರಿನಲ್ಲಿ ಜ್ವರದ ಸುಳಿವು ಇದ್ದಾಗ ಅರಿಶಿನ ಬಣ್ಣಕ್ಕೆ ತಿರುಗುತ್ತದೆ. ಮನೆಯ ಒಲೆಗೊಂದು ಕಡ್ಡಿ, ಪಂಕ್ತಿಮನೆಯ ಒಲೆ ಊರಿಗೆಲ್ಲ ಸೇರಿದ್ದು, ಅಲ್ಲಿ ಕಟ್ಟುವುದಿಲ್ಲ. ಹೆಬ್ಬಾತುಗಳು ಮಲಗುವ ಜೊಂಡಿನಲ್ಲೂ ಕಟ್ಟುತ್ತೇವೆ, ಅವುಗಳಿಗೇ ಹೆಚ್ಚು ಕಟ್ಟುತ್ತೇವೆ. ದೂರದ ಊರಿನವರು ಬಂದು ನಮ್ಮ ಪದ್ಧತಿ ನೋಡಿ ಕಲಿತು ಹೋಗುತ್ತಾರೆ. ನಮಗೂ ಕೊಂಚ ಕೊಬ್ಬು ಇತ್ತು.

ಇನ್ನು ನೀರಂಚಿನವರ ವಿಷಯ. ಅವರನ್ನು ನೀವು ಬಲ್ಲಿರಿ. ಬಾತುಕೋಳಿ ಹಿಂಡು ಹೊಡೆದುಕೊಂಡು ನಿಮ್ಮ ಕಾಲದ ಜ್ವರದ ವರ್ಷದಲ್ಲಿ ಇಲ್ಲಿ ಸಿಕ್ಕಿಬಿದ್ದವರ ಸಂತತಿ. ಹೊರಗಿನವರೆಂದು ಪಟ್ಟಿ ಮಾಡಿ ಗಡಿ ದಾಟಿಸಲು ಬಂದವರನ್ನು ನೀವು ಗಂಜಿಮನೆಯ ಬಾಗಿಲಲ್ಲಿ ತಡೆದು, ಇವರು ನಮ್ಮ ಬೀಗರು, ಉಣ್ಣುವವರನ್ನು ಎಣಿಸಬೇಡಿ ಎಂದಿರಂತೆ. ಬೀಗರು ಎಂದರೆ ಗಂಡು ಹೆಣ್ಣಿನ ಕಡೆಯವರಷ್ಟೇ ಅಲ್ಲ, ಮನೆಗೆ ಬಂದವರೆಲ್ಲ ನಮಗೆ ಬೀಗರೇ. ಪಟ್ಟಿ ಹಿಡಿದವರು ಬಂದ ದಾರಿಗೆ ಸುಂಕವಿಲ್ಲದಂತೆ ಹಿಂದಿರುಗಿದರು. ಆ ಮಾತನ್ನು ನಿಮ್ಮ ಚಿತ್ರದ ಕೆಳಗೆ ಕೆತ್ತಿದ್ದೇವೆ, ಅಕ್ಷರ ಕಲಿಯುವ ಮಕ್ಕಳು ಮೊದಲು ಓದುವುದೇ ಅದನ್ನು.

ಅಂದಿನಿಂದ ನಾವು ಅವರನ್ನು ಎಣಿಸಿಲ್ಲ, ಅಜ್ಜಿ. ಅವರು ಇಲ್ಲೇ ಹುಟ್ಟಿದರು, ಇಲ್ಲೇ ಮಣ್ಣಾದರು. ದಿನಾ ಪಂಕ್ತಿಯಲ್ಲಿ ಅವರಿಗೆ ಮೊದಲ ಸಾಲು, ತುಪ್ಪವೂ ಅವರಿಗೇ ಮೊದಲು. ಆದರೆ ಬೀಗರಿಗೆ ಈ ಊರಿನಲ್ಲಿ ಒಲೆ ಹೂಡುವ ಹಕ್ಕಿಲ್ಲ, ಬೀಗರ ಕೈಯಲ್ಲಿ ಯಾರಾದರೂ ಅಡಿಗೆ ಮಾಡಿಸುತ್ತಾರೆಯೇ ಎಂದು ಹಿರಿಯರ ವಾದ. ಒಲೆ ಇಲ್ಲದ ಮೇಲೆ ಉಸಿರುಕಡ್ಡಿ ಇಲ್ಲ, ಕಡ್ಡಿ ಇಲ್ಲದ ಮೇಲೆ ಎಣಿಕೆಯಲ್ಲಿ ಅವರಿಲ್ಲ. ಎದುರಿಗೆ ಕೂತು ಉಣ್ಣುವವರ ಹೆಸರು ಕೇಳುವುದನ್ನೂ ನಾವು ಬಿಟ್ಟೆವು. 'ಬರ್ರಿ ಬೀಗರ' ಎಂದರೆ ಸಾಕಾಗುತ್ತಿತ್ತು. ಇದನ್ನೆಲ್ಲ ಮರ್ಯಾದೆ ಎಂದೇ ತಿಳಿದು ಮಾಡಿದೆವು, ಈಗ ಬರೆಯುವಾಗ ನನಗೇ ನಾಚಿಕೆಯಾಗುತ್ತಿದೆ.

ಈ ಸಲ ಹೆಬ್ಬಾತುಗಳ ಕಡ್ಡಿ ಪುಷ್ಯದಲ್ಲೇ ಹಳದಿಯಾಯಿತು. ಒಲೆಯ ಕಡ್ಡಿಗಳು ಮಾತ್ರ ಬೆಳ್ಳಗೇ ಇದ್ದವು. ಜ್ವರ ಹಕ್ಕಿಯಲ್ಲೇ ನಿಂತಿದೆ ಎಂದು ನಾನೇ ಸಭೆಯಲ್ಲಿ ಹೇಳಿದೆ, ಎಲ್ಲರೂ ತಲೆದೂಗಿದರು. ನಾಲ್ಕು ವಾರದ ಮೇಲೆ ಇದ್ದಕ್ಕಿದ್ದಂತೆ ಮೂರು ಒಲೆಗಳಲ್ಲಿ ಕಡ್ಡಿ ತಿರುಗಿತು. ಹಕ್ಕಿಗೂ ಮನೆಗೂ ನಡುವೆ ಜ್ವರ ಇಷ್ಟು ದಿನ ಎಲ್ಲಿತ್ತು ಎಂದು ನಾವು ಸೊಳ್ಳೆ ಹುಡುಕಿದೆವು, ಎಮ್ಮೆಯ ಮೂಗು ಒರೆಸಿ ನೋಡಿದೆವು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ. ಹೆಬ್ಬಾತುಗಳ ಜೊಂಡಿನ ಪಕ್ಕದಲ್ಲೇ ಬಾತು ಸಾಕಿಕೊಂಡು, ಹಕ್ಕಿಗೂ ನಮಗೂ ನಡುವೆ ಬದುಕುವ ನೀರಂಚಿನವರು ದಿನಾ ನಮ್ಮ ಮೊದಲ ಸಾಲಿನಲ್ಲಿ ಕೂತು ಕೆಮ್ಮುತ್ತಿದ್ದರು.

ತಡೆಹನಿ ಬಂತು. ನಾಲಿಗೆಯ ಕೆಳಗೆ ಬಿಡುವ ಮದ್ದು ಅದು. ಜ್ವರ ಬರುವ ಮೊದಲೇ ಬಿಡಬೇಕು, ನಾವು ಕಳಿಸಿದ ಎಣಿಕೆ ಎಷ್ಟೋ ಅಷ್ಟೇ ಬರುತ್ತದೆ. ಬೆಳಿಗ್ಗೆ ನಾನೂ ನನ್ನ ಪಾಲಿನದನ್ನು ತೆಗೆದುಕೊಂಡೆ. ಆ ಮದ್ದು ಸಿಹಿ, ಬಾಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಮಧ್ಯಾಹ್ನ ಪಂಕ್ತಿಮನೆಯಲ್ಲಿ ನನ್ನ ಸರದಿಗೆ ಬಡಿಸುತ್ತಿದ್ದಾಗ ನೀರಂಚಿನವರ ಹಿರಿಯಳು, ಹೊನ್ನೂರಮ್ಮ ಎಂಬ ಹೆಸರು ನನಗೆ ಆಮೇಲೆ ತಿಳಿಯಿತು, ತನ್ನ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. ಹುಡುಗಿಗೆ ಏಳೆಂಟು ವರ್ಷ ಇರಬಹುದು, ಇನ್ನೂ ಮೈ ಬಿಸಿಯಾಗಿರಲಿಲ್ಲ, ಸುತ್ತ ಕಣ್ಣಾಡಿಸುತ್ತ ಆರಾಮವಾಗಿದ್ದಳು. ಬರ್ರಿ ಬೀಗರ ಎಂದು ನಾನು ಎಲೆ ಹಾಕಿದೆ. ಹೊನ್ನೂರಮ್ಮ ಕೂರಲಿಲ್ಲ.

"ಊಟ ಬ್ಯಾಡವ್ವ. ನಮ್ಮ ಹೆಸ್ರು ಬರ್ಕೋ."

ಸಾಲಿನವರೆಲ್ಲ ತುತ್ತು ಕೈಯಲ್ಲೇ ಹಿಡಿದು ತಿರುಗಿ ನೋಡಿದರು. ಪಂಕ್ತಿಯಲ್ಲಿ ಊಟ ಬೇಡ ಎಂದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹಿರಿಯರೊಬ್ಬರು ನಿಮ್ಮ ಚಿತ್ರದ ಕಡೆ ನೋಡಿದರು, ನಾನೂ ನೋಡಿದೆ. ಆಮೇಲೆ, ಅಜ್ಜಿ, ನಾನು ಬುಟ್ಟಿಯಿಂದ ಒಂದರ ಬದಲು ಎರಡು ರೊಟ್ಟಿ ತೆಗೆದು ಆ ಹುಡುಗಿಯ ಕೈಯಲ್ಲಿಟ್ಟೆ, ಬೆಣ್ಣೆಯನ್ನೂ ಹಚ್ಚಿದೆ. ಊರಿನವರು ನೆಮ್ಮದಿಯಿಂದ ಮತ್ತೆ ಉಣ್ಣತೊಡಗಿದರು. ಹೊನ್ನೂರಮ್ಮ ಹುಡುಗಿಯನ್ನು ಇಳಿಸದೆ ಹಾಗೇ ಹೊರಟುಹೋದಳು.

ಹುಡುಗಿ ಎಂಟು ದಿನಕ್ಕೆ ತೀರಿಕೊಂಡಳು. ಅವಳ ತಾಯಿಗೂ ಜ್ವರ ಬಂದಿತ್ತು, ಆಕೆ ಬದುಕಿಕೊಂಡಳು. ಸುದ್ದಿಯನ್ನು ನನಗೆ ಯಾರೂ ತಂದು ಹೇಳಲಿಲ್ಲ. ಮೊದಲ ಸಾಲು ಖಾಲಿ ಇದ್ದುದನ್ನು ಕಂಡು ಕೇಳಿದಾಗ ತಿಳಿಯಿತು. ನಾನು ಕೊಂದವಳಲ್ಲ ಎಂದು ಮನಸ್ಸಿಗೆ ಎಷ್ಟು ಸಮಾಧಾನ ಹೇಳಿಕೊಂಡರೂ, ರೊಟ್ಟಿ ಮುರಿಯುವಾಗಲೆಲ್ಲ ಆ ಕೈ ನೆನಪಾಗುತ್ತದೆ. ಕೊಡಬೇಕಾದದ್ದನ್ನು ಕೊಡದೆ ಬೆಣ್ಣೆ ಕೊಟ್ಟವಳು ನಾನು.

ಎರಡನೆಯ ಸುತ್ತಿನ ತಡೆಹನಿಗೆ ನಾಳೆ ಎಣಿಕೆ ಕಳಿಸಬೇಕು. ನೀರಂಚಿನವರನ್ನು ಸೇರಿಸುತ್ತೇನೆ ಎಂದು ನಾನು ಹಿರಿಯರ ಮುಂದೆ ಹೇಳಿದೆ. ನೀಲವ್ವನ ಮಾತು ಮುರಿದವಳು ಜೀವರಾಶಿ ಮನೆಯಲ್ಲಿ ಇರಬಾರದು ಎಂದರು. ಸಿಟ್ಟಿನಿಂದಲ್ಲ, ಬೇಸರದಿಂದ ಅಂದರು. ಒಬ್ಬರ ಕಣ್ಣಲ್ಲಿ ನೀರೂ ಬಂತು. ಕೆಟ್ಟವರ ಜೊತೆ ಜಗಳವಾಡಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಕೆಲಸ ಹೋದರೆ ಹೋಗಲಿ ಎಂದು ಈ ದಿನ ಬೆಳಿಗ್ಗೆ ದೋಣಿ ತಳ್ಳಿಕೊಂಡು ಅವರ ಬಿಡಾರಕ್ಕೆ ಹೋದೆ.

ಹೊನ್ನೂರಮ್ಮ ಬಾತುಗಳಿಗೆ ಹೊಟ್ಟು ಕಲಸುತ್ತಿದ್ದಳು. ನನ್ನನ್ನು ಕಂಡರೂ ಕಲಸುವುದನ್ನು ಬಿಡಲಿಲ್ಲ. ಅವಳ ಸೊಸೆಯ ಮೊಲೆಯಲ್ಲಿ ಹಸುಗೂಸೊಂದಿತ್ತು, ಸತ್ತವಳ ತಮ್ಮ. ಅವನಿಗೆ ತಡೆಹನಿ ಬೇಕು, ಹೆಸರು ಹೇಳಿ ಎಂದೆ. ಹೊನ್ನೂರಮ್ಮ ಕೈ ತೊಳೆದುಕೊಂಡು ಎದುರಿಗೆ ಬಂದು ಕೂತಳು.

"ಸತ್ತಾಕಿ ಹೆಸ್ರು ಮೊದ್ಲು ಬರಿ. ಆಮ್ಯಾಲೆ ಇವಂದು."

ಇಲ್ಲಿ ನಮ್ಮ ಪದ್ಧತಿಯ ಇನ್ನೊಂದು ಅಂದ ಕೇಳಿ. ಎಣಿಕೆಯಲ್ಲಿ ಇಲ್ಲದವರ ಸಾವನ್ನು ಬರೆಯಲು ಬರುವುದಿಲ್ಲ. ಹೆಬ್ಬಾತು ಸತ್ತರೆ ಬರೆಯಬಹುದು, ಅದರ ಕಾಲಿಗೆ ಬಳೆ ತೊಡಿಸಿರುತ್ತೇವೆ. ಅದಕ್ಕೇ ನಾನು ಮೊದಲು ಆ ಹುಡುಗಿ ಹುಟ್ಟಿದಳು ಎಂದು ಬರೆದೆ. ಆ ಮಾತು ಓದಿ ಹೇಳಿದಾಗ ಅವಳ ತಾಯಿ ಅಳತೊಡಗಿದಳು. ಆಮೇಲೆ ಅದೇ ಕೈಯಿಂದ, ತೀರಿಕೊಂಡಳು ಎಂದು ಬರೆದೆ. ಹೆಸರು ಮಾಣಿಕವ್ವ. ಆರು ತಲೆಮಾರಿನಲ್ಲಿ ಅವರ ಪೈಕಿ ನಾವು ಬರೆದ ಮೊದಲ ಹೆಸರು ಅದು.

ಈಗ ನನ್ನ ಕೋರಿಕೆ. ನಿಮ್ಮನ್ನು ದೂರಲು ನನಗೆ ಬಾಯಿಲ್ಲ, ಆ ದಿನ ನೀವು ಎಣಿಸಲು ಬಿಟ್ಟಿದ್ದರೆ ಅವರನ್ನು ಎಲ್ಲಿಗೆ ಅಟ್ಟುತ್ತಿದ್ದರೋ. ತಪ್ಪು ನಮ್ಮದು. ಆದರೆ ಅದನ್ನು ಆಗುವ ಮೊದಲೇ ತಿದ್ದಬಲ್ಲವರು ನೀವೊಬ್ಬರೇ. ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತವರನ್ನು ಹಿಂದಕ್ಕೆ ಕಳಿಸಿ, ಅದರಲ್ಲಿ ಎರಡು ಮಾತಿಲ್ಲ. ಅವರು ಹೋದ ಮೇಲೆ ಒಳಗೆ ಬಂದು, ಮೂಲೆಯಲ್ಲಿ ಹೆದರಿ ಕೂತಿರುವ ಆ ಬಾತುಕೋಳಿಯವರ ಹೆಂಗಸಿಗೆ ಇನ್ನೊಂದು ಸೌಟು ಗಂಜಿ ಹಾಕಿ. ಅವಳು ಕುಡಿದು ಮುಗಿಸಲಿ. ಆಮೇಲೆ ಹತ್ತಿರ ಕೂತು, ನಿನ್ನ ಹೆಸರೇನವ್ವ, ಮಕ್ಕಳ ಹೆಸರೇನು, ಒಲೆ ಎಲ್ಲಿ ಹೂಡುತ್ತೀ ಎಂದು ಕೇಳಿ.

ನಿಮ್ಮ
ಪಂಪಾವತಿ