ಬೆಲ್ಟಿನ ಜಾಲರಿ

ದುರ್ಗಕ್ಕಾ,

ಇವತ್ತು ನಮ್ಮ ಕಂಪ್ಲಿಯ ಅಕ್ಕಿ ಗಿರಣಿಗೆ ಕಾರ್ಖಾನೆ ಇನ್ಸ್‌ಪೆಕ್ಟರ್ ಬಂದಿದ್ದರು. ಅವರು ಬರುವ ಸುದ್ದಿ ಮಾಲೀಕರಿಗೆ ನಿನ್ನೆಯೇ ಮುಟ್ಟಿತ್ತು. ಮುಂಜಾನೆ ಏಳಕ್ಕೇ ಪಾಲಿಶ್ ಯಂತ್ರದ ಬೆಲ್ಟಿಗೆ ಹೊಸ ಕಬ್ಬಿಣದ ಜಾಲರಿ ಕೂರಿಸಿದರು, ನಮಗೆಲ್ಲ ಧೂಳಿನ ಮಾಸ್ಕ್ ಹಂಚಿದರು. ನಿನ್ನ ಎರಡು ಬೆರಳು ತಿಂದ ಬೆಲ್ಟೇ ಅದು.

"ಈ ಜಾಲರಿ ಯಾವಾಗ್ಲೂ ಇರ್ತದೇನಮ್ಮಾ?" ಎಂದು ಇನ್ಸ್‌ಪೆಕ್ಟರ್ ನನ್ನನ್ನೇ ಕೇಳಿದರು. ಮಾಲೀಕರು ಪಕ್ಕದಲ್ಲೇ ನಿಂತು ನಗುತ್ತಿದ್ದರು.

"ಇಲ್ರೀ ಸಾಹೇಬ್ರ. ಇವತ್ತ ಮುಂಜಾನಿ ಹಾಕ್ಯಾರ. ನೀವು ಹೋದ ಮ್ಯಾಲೆ ಬಿಚ್ತಾರ. ಹೋದ ವರ್ಷ ದುರ್ಗಕ್ಕನ ಬೆರಳು ಹೋದಾಗ ಇದು ಇರ್ಲಿಲ್ರಿ. ಆಕಿದೇ ತಪ್ಪು ಅಂತ ಮಾಲೀಕ್ರು ಬರೆಸಿದ ಕಾಗದಕ್ಕ ಸಾಕ್ಷಿ ಸಹಿ ಹಾಕಿದಾಕಿ ನಾನಾ. ಅದು ಸುಳ್ಳು."

ಇನ್ಸ್‌ಪೆಕ್ಟರ್ ಯಂತ್ರ ನಿಲ್ಲಿಸಲು ಹೇಳಿದರು. ನನ್ನ ಮಾತನ್ನೆಲ್ಲ ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿಕೊಂಡರು.

ಅವರ ಜೀಪು ಗೇಟು ದಾಟುತ್ತಲೇ ಮಾಲೀಕರು, "ನಾಳಿಂದ ಬರಬ್ಯಾಡ ನೀನು," ಎಂದರು.

"ಬರ್ತೀನ್ರಿ. ಬ್ಯಾಡ ಅಂದ್ರ ಯಾಕಂತ ಬರೆದು ಕೊಡ್ರಿ," ಎಂದೆ. ಅವರು ಬರೆಯಲಿಲ್ಲ. ನಾಳೆ ಎಂಟಕ್ಕೆ ಹೋಗಿಯೇ ಹೋಗುತ್ತೇನೆ; ತಡೆಯುವುದಾದರೆ ಎಲ್ಲ ಹೆಂಗಸರ ಎದುರೇ ತಡೆಯಲಿ.

ಇದನ್ನು ನಿನಗೆ ಕಳಿಸುವುದಿಲ್ಲ. ನಿನ್ನನ್ನು ನೋಡಲು ಆಸ್ಪತ್ರೆಗೂ ಬರದವಳ ಪತ್ರ ನಿನಗೆ ಯಾಕೆ? ಆದರೆ ಹೇಳಿಕೆ ಪಡೆಯಲು ಇನ್ಸ್‌ಪೆಕ್ಟರ್ ಕಡ್ಡಿರಾಂಪುರಕ್ಕೆ, ನಿನ್ನ ತವರಿಗೆ ಬರುತ್ತಾರೆ. ಅವರ ಬಾಯಲ್ಲಿ ನನ್ನ ಹೆಸರು ಬಂದರೆ ಎದ್ದು ಒಳಗೆ ಹೋಗಬೇಡ, ಅಕ್ಕಾ. ಕೂತು, ನಡೆದದ್ದನ್ನೆಲ್ಲ ಹೇಳು.

ಚಂದ್ರಕಲಾ